ಯಾರ ಮೊಳಕ್ಕೆ ಯಾವ ಟಯರು

ನಿಮ್ಮ ಊರಿನ ಟ್ರಾಕ್ಟರಿನ ಹಿಂದಿನ ಟಯರು ಎಷ್ಟು ಅಗಲ ಎಂದು ನಿಮಗೆ ಗೊತ್ತುಂಟೇ? ಮೆಲ್ಲಗೆ ಫೋನು ತೆಗೆದು ಹುಡುಕಬೇಡಿ, ನನಗೆ ಕಾಣುತ್ತದೆ. ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಕಾಗಿಲ್ಲ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವರೆಗೆ ನನಗೂ ಗೊತ್ತಿರಲಿಲ್ಲ. ಟಯರೆಂದರೆ ಕಪ್ಪು, ದುಂಡು, ಮದುವೆಗೆ ಹೋಗುವ ದಿನವೇ ಪಂಚರಾಗುವುದು ಎಂದಷ್ಟೇ ತಿಳಿದಿದ್ದೆ. ಈಗ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುವಾಗ ಒಂದು ಟ್ರಾಕ್ಟರ್ ಹಾದುಹೋದರೆ ನಾನು ಡ್ರೈವರನ ಮುಖ ನೋಡುವುದಿಲ್ಲ, ಟಯರಿನ ಪಕ್ಕೆಯ ಮೇಲಿರುವ ನಂಬರು ಓದುತ್ತೇನೆ. ಓದಲಿಕ್ಕೆ ಹೋಗಿ ಒಮ್ಮೆ ಬಸ್ಸು ತಪ್ಪಿದೆ. ಬೇಸರವೇನೂ ಆಗಲಿಲ್ಲ, ಅದು ಒಳ್ಳೆಯ ಟಯರಾಗಿತ್ತು.

ಫೋನಿನಲ್ಲಿ ಕನ್ನಡ ಟೈಪು ಮಾಡಲು ಮೊಮ್ಮಗಳು ಮೊನ್ನೆಯಷ್ಟೇ ಕಲಿಸಿದ್ದಾಳೆ. ಕಲಿತ ಮೇಲೆ ಬರೆಯಲು ಒಂದು ಸಂಗತಿ ಬೇಕಲ್ಲ. ನನಗೆ ಬೇರೆ ಯಾವುದೂ ನೆನಪಾಗಲಿಲ್ಲ, ಇದೇ ಹೊರಗೆ ಬಂತು.

ನಾವು ಐದು ಜನ ಹೆಂಗಸರು ಸೇರಿ ಕೃಷಿಯ ಒಂದು ಗುಂಪು ಮಾಡಿಕೊಂಡಿದ್ದೇವೆ. ಐವರಲ್ಲಿ ವಯಸ್ಸಿನಲ್ಲಿ ನಾನೇ ದೊಡ್ಡವಳು, ಎತ್ತರದಲ್ಲಿ ನಾನೇ ಸಣ್ಣವಳು. ಮನೆಯಲ್ಲಿ ನಾನು ಎದ್ದು ನಿಂತರೆ ಸಾಕು, ಯಾರಾದರೊಬ್ಬರು "ಅಜ್ಜಿ, ಕೂತ್ಕೊಳ್ಳಿ" ಎನ್ನುತ್ತಾರೆ. ಮಗ ಒಳ್ಳೆಯವನು, ಸೊಸೆ ಒಳ್ಳೆಯವಳು, ಕುರ್ಚಿಯೂ ಒಳ್ಳೆಯದೇ. ಆದರೆ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಗುಂಪಿನವರು ಮಾತ್ರ "ಅಕ್ಕ, ಕೂತದ್ದು ಸಾಕು, ಏಳಿ" ಎನ್ನುತ್ತಾರೆ. ಆ ಮಾತು ಕೇಳಲಿಕ್ಕಾಗಿಯೇ ನಾನು ಗುಂಪಿಗೆ ಸೇರಿದ್ದು. ಗದ್ದೆ ಇದ್ದರೆ ಗುಂಪು, ಗದ್ದೆ ಹೋದರೆ ನನಗೆ ಮತ್ತೆ ಕುರ್ಚಿ.

ಗದ್ದೆಯೋ, ನಮ್ಮದಲ್ಲ. ಗುಡ್ಡದ ಕೆಳಗಿನ ಬಯಲು. ಐದನೇ ಕ್ಲಾಸಿನವರೆಗೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳದ್ದು. ಅವಳನ್ನು ನಾನು ಧಣಿ ಎಂದೇ ಕರೆಯುವುದು, ಎದುರಿಗೂ ಹಿಂದಿನಿಂದಲೂ. ಮನೆಯಲ್ಲಿ ಅವಳದು ತುಳು. ನನ್ನ ಜೊತೆ ಜಗಳವಾಡಲಿಕ್ಕೆ ಮಾತ್ರ ಕನ್ನಡ. ಆ ಗದ್ದೆಯನ್ನು ಉಳುವವರಿಲ್ಲದೆ ಹಲವು ವರ್ಷಗಳಿಂದ ಹಾಗೇ ಬಿಟ್ಟಿದ್ದಳು. ಹುಲ್ಲು ಸೊಂಟದವರೆಗೆ ಬೆಳೆದು ಅದರೊಳಗೆ ನವಿಲುಗಳು ಸಂಸಾರ ಹೂಡಿದ್ದವು. ನಾವು ಐವರೂ ಹೋಗಿ ಕೇಳಿದಾಗ ಅವಳು ಅಂಗಳದ ಬದಿಗೆ ಕೈ ತೋರಿಸಿದಳು. ಅಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಅಡಿಕೆ ಸಸಿಗಳು ಸಾಲಾಗಿ ನಿಂತಿದ್ದವು.

"ನೋಡು, ಸಸಿ ರೆಡಿ ಉಂಟು. ಆ ಗದ್ದೆಗೆ ಇಡ್ಲಿಕ್ಕೆಂತಲೇ ಮಾಡಿದ್ದು. ನೀನು ಬಾಯಿ ಬಿಟ್ಟು ಕೇಳಿದಿ ಅಂತ ಈ ಒಂದು ಸಲ ಕೊಡ್ತೇನೆ. ವಿಷು ಹಬ್ಬಕ್ಕೆ ಮೊದಲು ಅಲ್ಲಿ ನನಗೆ ತರಕಾರಿ ಕಾಣ್ಬೇಕು. ಹುಲ್ಲು ಕಂಡ್ರೆ ಮಳೆ ಬಂದ ಕೂಡಲೇ ಸಸಿ."

"ಹುಲ್ಲಿನ ನಡುವೆ ತರಕಾರಿ ಕಂಡ್ರೆ?"

"ಯಾವುದು ಮೊದಲು ಕಾಣ್ತದೆ ಅಂತ ನೋಡುವ" ಎಂದಳು. ಸಣ್ಣದರಿಂದಲೂ ಹೀಗೆಯೇ, ಒಂದು ಬಳಪ ಕೊಡುವುದಕ್ಕೂ ಹತ್ತು ಕಂಡೀಷನ್.

ಟ್ರಾಕ್ಟರ್ ನಮಗೆ ಕುಂಬ್ಡಾಜೆ ಕಡೆಯಿಂದ ಕ್ರಯಕ್ಕೆ ಸಿಕ್ಕಿತು. ಹಳೆಯದು, ಸಣ್ಣದು, ಕೆಂಪು ಬಣ್ಣ. ಇಂಜಿನ್ ಗಟ್ಟಿ ಇತ್ತು. ಹಿಂದಿನ ಎರಡು ಟಯರುಗಳ ಹಲ್ಲು ಮಾತ್ರ ನನ್ನ ಹಲ್ಲಿನ ಹಾಗೆ, ಉಳಿದದ್ದಕ್ಕಿಂತ ಹೋದದ್ದೇ ಹೆಚ್ಚು. ಹೊಸದು ಹಾಕದೆ ಉಪಾಯವಿರಲಿಲ್ಲ. ಯಾವುದು ಹಾಕುವುದು ಎಂಬಲ್ಲಿ ಜಗಳ ಶುರುವಾಯಿತು.

ನಮ್ಮಲ್ಲಿ ಟ್ರಾಕ್ಟರ್ ಬಿಡಲು ಬರುವುದು ಒಬ್ಬಳಿಗೆ. ಗಂಡ ಬಾಡಿಗೆ ಜೀಪು ಓಡಿಸುತ್ತಾನೆ. ಅವನಿಂದ ಕಲಿತು ಈಗ ಅವನಿಗಿಂತ ಚೆನ್ನಾಗಿ ರಿವರ್ಸ್ ತೆಗೆಯುತ್ತಾಳೆ. ನಮ್ಮ ಮನೆ ಬಾಗಿಲಲ್ಲಿ ತಲೆ ತಗ್ಗಿಸದೆ ಬಂದರೆ ಹಣೆ ಬಡಿಯುವಷ್ಟು ಉದ್ದದ ಹೆಂಗಸು. ಅವಳನ್ನು ಇಲ್ಲಿ ಡ್ರೈವರಮ್ಮ ಎನ್ನುತ್ತೇನೆ. ಡ್ರೈವರಮ್ಮನಿಗೆ ಅಗಲದ ಟಯರೇ ಬೇಕು.

"ಅಕ್ಕ, ಆ ಗದ್ದೆಯ ಹುಲ್ಲಿನ ಬೇರು ಚಾಪೆಯ ಹಾಗೆ ಹೆಣೆದುಕೊಂಡುಂಟು. ನೇಗಿಲು ಒಳಗೆ ಹೋಗ್ಬೇಕಾದ್ರೆ ಟಯರು ನೆಲವನ್ನು ಕಚ್ಚಿ ಹಿಡೀಬೇಕು. ಸಪೂರ ಟಯರು ಹಾಕಿದ್ರೆ ನಿಂತಲ್ಲೇ ತಿರುಗ್ತದೆ, ಅಷ್ಟೇ."

ನನಗೆ ಸಪೂರದ್ದು ಬೇಕು. ಉಳುವುದು ಒಂದು ಸಲದ ಕೆಲಸ. ಬೆಂಡೆ ಬಿತ್ತಿದ ಮೇಲೆ ಸಾಲಿನ ನಡುವೆ ಕಳೆ ತೆಗೆಯುವುದು ಮತ್ತೆ ಮತ್ತೆ ಬರುವ ಕೆಲಸ. ಗಿಡ ಎಳೆಯದಾಗಿರುವಾಗ ಟ್ರಾಕ್ಟರ್ ಸಾಲುಗಳ ಮೇಲೆ ಕಾಲು ಅಗಲಿಸಿ ನಿಂತ ಹಾಗೆ ಹೋಗಬೇಕು, ಚಕ್ರ ಮಾತ್ರ ಸಾಲುಗಳ ನಡುವಿನ ಚಡಿಯಲ್ಲಿ ಉರುಳಬೇಕು. ಅಗಲದ ಟಯರು ಚಡಿಯಲ್ಲಿ ಹಿಡಿಸದಿದ್ದರೆ ಗಿಡದ ಮೇಲೆಯೇ ಮೆರವಣಿಗೆ.

"ಹಾಗಾದ್ರೆ ಕಳೆ ಕೈಯಲ್ಲಿ ಕೀಳುವ" ಎಂದಳು ಗುಂಪಿನ ಇನ್ನೊಬ್ಬಳು.

"ಅಷ್ಟು ದೊಡ್ಡ ಗದ್ದೆಯಾ? ನೀನು ಬಗ್ಗು, ನಾನು ಎಣಿಸ್ತೇನೆ" ಎಂದೆ.

ನಾನೂ ಡ್ರೈವರಮ್ಮನೂ ಜಗಳವನ್ನು ಬಸ್ಸಿಗೆ ಹತ್ತಿಸಿಕೊಂಡು ಬದಿಯಡ್ಕಕ್ಕೆ ಹೋದೆವು. ದಾರಿಯುದ್ದಕ್ಕೂ ಅಗಲ, ಸಪೂರ, ಅಗಲ, ಸಪೂರ. ಎದುರಿನ ಸೀಟಿನಲ್ಲಿದ್ದ ಒಬ್ಬರು ಇಳಿಯುವಾಗ "ಎಂತ, ಮಗಳಿಗೆ ಬಳೆಯಾ?" ಎಂದು ಕೇಳಿದರು. ಟ್ರಾಕ್ಟರಿಗೆ ಎಂದೆ. ಅವರು ಇನ್ನೊಂದು ಸ್ಟಾಪಿನವರೆಗೂ ಇಳಿಯಲಿಲ್ಲ.

ಟಯರ್ ಅಂಗಡಿಯ ಒಳಗೆ ಕಾಲಿಟ್ಟಾಗ ನನಗಾದ ಖುಷಿಯನ್ನು ಹೇಗೆ ಹೇಳಲಿ? ಸೀರೆ ಅಂಗಡಿಯಲ್ಲಿ ನನಗೆ ಎಂದೂ ಹಾಗಾದದ್ದಿಲ್ಲ. ಹೊಸ ರಬ್ಬರಿನ ವಾಸನೆ, ಆಳೆತ್ತರದ ಟಯರುಗಳು ಗೋಡೆಗೊರಗಿ ನಿಂತು ನಮ್ಮನ್ನೇ ನೋಡುತ್ತಿದ್ದವು. ಒಂದರ ಹಲ್ಲಿನ ಎಡೆಗೆ ಬೆರಳು ಹಾಕಿ ನೋಡಿದೆ. ಬೆರಳು ಪೂರಾ ಒಳಗೆ ಹೋಯಿತು.

"ಅಜ್ಜಿಗೆ ಎಂತ ಆಗ್ಬೇಕು? ಸ್ಕೂಟರಿದ್ದಾ?" ಎಂದು ಅಂಗಡಿಯವರು ನಗೆಯಾಡಿದರು.

"ಟ್ರಾಕ್ಟರಿದ್ದು. ಸ್ಕೂಟರಿನಲ್ಲಿ ಉಳ್ಲಿಕ್ಕೆ ಆಗುದಿಲ್ಲಾಂತ ಇವಳು ಹೇಳ್ತಾಳೆ."

ಅವರು ನಗುತ್ತಲೇ ನಮ್ಮ ಹಳೆಯ ಟಯರಿನ ಫೋಟೋ ನೋಡಿದರು. ಫೋಟೋ ತೆಗೆದದ್ದು ನಾನು. ಒಂದರಲ್ಲಿ ನಂಬರು ಬಂದಿತ್ತು, ಉಳಿದವುಗಳಲ್ಲಿ ನನ್ನ ಹೆಬ್ಬೆರಳು. 11.2-24. ಮೊದಲಿನದ್ದು ಟಯರಿನ ಅಗಲ, ಇಂಚಿನ ಲೆಕ್ಕ. ಮತ್ತಿನದ್ದು ಒಳಗಿನ ರಿಮ್ಮಿನ ಅಳತೆ. ರಿಮ್ಮು ಇಪ್ಪತ್ತನಾಲ್ಕು ಎಂದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ, ಅಗಲದಲ್ಲಿ ಮಾತ್ರ ನಮ್ಮ ಆಟ. ಅವರು ಮೂರು ಟಯರು ತೋರಿಸಿದರು. ಒಂದು 9.5, ಸಪೂರದ್ದು. ಅದು ನನ್ನದು ಎಂದು ಕೂಡಲೇ ಅದರ ಹತ್ತಿರ ಹೋಗಿ ನಿಂತೆ. ಇನ್ನೊಂದು 12.4, ದಪ್ಪ ಹೊಟ್ಟೆಯದ್ದು. ಡ್ರೈವರಮ್ಮ ಅದರ ಹೆಗಲ ಮೇಲೆ ಕೈ ಹಾಕಿ ನಿಂತಳು. ನಡುವಿನದ್ದು ಹಳೆಯ ಅಳತೆಯದ್ದೇ, 11.2. ಅದರ ಹತ್ತಿರ ಯಾರೂ ಇರಲಿಲ್ಲ.

"ಸಪೂರದ್ದಕ್ಕೆ ನಿಮ್ಮ ರಿಮ್ಮು ಅಗಲ ಜಾಸ್ತಿ ಆಗ್ತದೆ, ರಿಮ್ಮೇ ಬದಲಿಸ್ಬೇಕು. ದೊಡ್ಡದು ಹಾಕಿದ್ರೆ ಉಳುವಾಗ ರಾಜ, ಸಾಲಿಗಿಳಿದ್ರೆ ರಾಕ್ಷಸ. ನನ್ನ ಕೇಳಿದ್ರೆ ನಡುವಿನದ್ದು" ಎಂದರು ಅಂಗಡಿಯವರು.

"ನಡುವಿನದ್ದು ನೆಲ ಕಚ್ತದಾ?" ಎಂದಳು ಡ್ರೈವರಮ್ಮ, ಕೈ ತೆಗೆಯದೆ.

"ಕಚ್ಚದಿದ್ರೆ ನೀರು ಕುಡಿಸಿ. ಟಯರಿನ ಒಳಗೆ ಮುಕ್ಕಾಲು ಭಾಗ ನೀರು ತುಂಬಿಸ್ಲಿಕ್ಕೆ ಆಗ್ತದೆ, ವಾಲ್ವಿನ ದಾರಿಯಲ್ಲಿ. ಭಾರ ಬಂದ್ರೆ ಅದೇ ಟಯರು ಕಚ್ಚಿ ಹಿಡೀತದೆ. ಉತ್ತಾದ ಮೇಲೆ ನೀರು ಬಿಟ್ಟುಬಿಡಿ, ಸಾಲಿಗೆ ಹಗುರಾಗಿ ಹೋಗ್ಲಿಕ್ಕೆ."

ಟಯರು ನೀರು ಕುಡಿಯುತ್ತದೆ ಎಂದು ಕೇಳಿ ನನಗೆ ಅಲ್ಲಿಯೇ ಕುಣಿಯಬೇಕೆನಿಸಿತು. ಮತ್ತೂ ಒಂದು ವಿದ್ಯೆ ಹೇಳಿದರು. ಚಕ್ರದ ನಡುವಿನ ಡಿಸ್ಕು ಬಟ್ಟಲಿನ ಹಾಗೆ ಒಂದು ಬದಿಗೆ ಗುಳಿ ಬಿದ್ದಿರುತ್ತದೆ. ಗುಳಿ ಯಾವ ಕಡೆಗಿದೆ ಎಂಬುದರ ಮೇಲೆ ಎರಡು ಚಕ್ರಗಳ ನಡುವಿನ ಅಂತರ. ಬಿಚ್ಚಿ ಮಗುಚಿ ಹಾಕಿದರೆ ಅಂತರ ಕಮ್ಮಿಯಾಗುತ್ತದೆ. ದೋಸೆ ಮಗುಚುವುದನ್ನು ಕಲಿತವಳಿಗೆ ಇದು ತಲೆಗೆ ಹೋಗದೇ ಇರುತ್ತದೆಯೇ?

"ಸಾಲಿನಿಂದ ಸಾಲಿಗೆ ಎಷ್ಟು ಬಿಡ್ತೀರಿ?" ಎಂದು ಕೇಳಿದರು.

"ಒಂದೂವರೆ ಮೊಳ. ಎಲ್ಲರೂ ಅಷ್ಟೇ ಬಿಡುದು."

"ಹಾಗಾದ್ರೆ ಚಕ್ರದಿಂದ ಚಕ್ರಕ್ಕೆ ಮೂರು ಮೊಳ ಸಿಗ್ಬೇಕು. ಮೊಳ ಎಷ್ಟು ಇಂಚು?"

ಅವರು ಟೇಪು ಹಿಡಿದು ನನ್ನ ಕಡೆಗೆ ಬಂದರು. "ನನ್ನ ಕೈ ಯಾಕೆ? ಟ್ರಾಕ್ಟರ್ ಬಿಡುವವಳು ಅವಳು, ಅವಳ ಕೈ ಹಿಡೀರಿ" ಎಂದು ಡ್ರೈವರಮ್ಮನನ್ನು ಮುಂದೆ ತಳ್ಳಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರು. ಮೂರರಿಂದ ಗುಣಿಸಿದರು. ನಡುವಿನ ಟಯರು ಎಂದು ತೀರ್ಮಾನವಾಯಿತು. ಚಕ್ರ ಕೂರಿಸಿ ಕೊಡಲು ಬಂದ ಅವರ ಮೆಕ್ಯಾನಿಕ್ಕು ಅದೇ ಅಂತರಕ್ಕೆ ಡಿಸ್ಕು ಹಾಕಿಕೊಟ್ಟ.

ಉಳುವ ದಿನ ಧಣಿ ಕೊಡೆ ಹಿಡಿದು ಗದ್ದೆಯ ಅಂಚಿನ ಮಣ್ಣಿನ ಹುಣಿಯ ಮೇಲೆ ನಿಂತಿದ್ದಳು. ಹುಲ್ಲು ಸವರಿಯಾಗಿತ್ತು. ಡ್ರೈವರಮ್ಮ ನೇಗಿಲು ಇಳಿಸಿ ಮುಂದೆ ಹೋದಳು. ಹತ್ತು ಮಾರು ಹೋಗುವುದರೊಳಗೆ ಟಯರು ನಿಂತಲ್ಲೇ ತಿರುಗಿ ಎರಡು ಗುಂಡಿ ತೋಡಿತು.

"ಬಾವಿ ತೋಡ್ಲಿಕ್ಕೆ ಬಂದದ್ದಾ? ನೀರು ಬಂದ್ರೆ ಹೇಳಿ" ಎಂದಳು ಧಣಿ.

ಡ್ರೈವರಮ್ಮ ನನ್ನನ್ನು ನೋಡಿದಳು. "ಅಗಲದ್ದು ತೆಗೆಯುವ ಅಂತ ಬಡ್ಕೊಂಡೆ. ಕೇಳಿದ್ರಾ?"

"ನೀರು ಕುಡಿಸದೆ ಕೆಲಸಕ್ಕೆ ಹಚ್ಚಿದ್ರೆ ನೀನಾದ್ರೂ ಮಾಡ್ತೀಯಾ?" ಎಂದು ನಾನು ಪಂಪಿನ ಪೈಪು ಎಳೆದುಕೊಂಡು ಬಂದೆ. ಚಕ್ರವನ್ನು ಜಾಕಿಗೆ ಎತ್ತಿ, ವಾಲ್ವು ಮೇಲೆ ಬರುವ ಹಾಗೆ ತಿರುಗಿಸಿ, ಗಾಳಿ ಬಿಟ್ಟು ನೀರು ತುಂಬಿಸಿದೆವು. ನೀರು ಒಳಗೆ ಹೋಗುವ ಗುಳುಗುಳು ಶಬ್ದಕ್ಕೆ ನಾನು ಕಿವಿ ಕೊಟ್ಟು ಕೂತೆ. ಧಣಿ ಕುತೂಹಲ ತಡೆಯಲಾರದೆ ಹುಣಿಯಿಂದ ಕೆಳಗಿಳಿದು ಬಂದಳು. ಮೇಲೆ ಕೊಡೆ ಗಾಳಿಗೆ ಹಾರುತ್ತದೆ, ಅದಕ್ಕೇ ಇಳಿದದ್ದು ಎಂದಳು. ಗಾಳಿಯೇ ಇರಲಿಲ್ಲ.

ಮತ್ತೆ ಟ್ರಾಕ್ಟರ್ ಹೊರಟಾಗ ಟಯರಿನ ಹಲ್ಲುಗಳು ಒಂದೊಂದೂ ಮಣ್ಣಿನಲ್ಲಿ ಅಚ್ಚು ಒತ್ತಿದವು. ಹಿಂದೆ ನೇಗಿಲು ಚಾಪೆಯಂಥ ಬೇರನ್ನು ಹರಿದು ಮಗುಚುತ್ತಾ ಹೋಯಿತು. ಕಪ್ಪು ಮಣ್ಣು ಮೇಲೆ ಬಂತು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾವು ನಾಲ್ವರೂ ಟ್ರಾಕ್ಟರಿನ ಹಿಂದೆ ಓಡಿದೆವು. ಯಾಕೆ ಓಡಿದೆವೋ ತಿಳಿಯದು. ಮಾಡುವ ಕೆಲಸ ಏನೂ ಇರಲಿಲ್ಲ. ಬೆಳ್ಳಕ್ಕಿಗಳು ನಮ್ಮ ಹಿಂದೆ ಓಡಿದವು.

ಬಿತ್ತುವಾಗ ನಮ್ಮಲ್ಲಿ ಒಂದು ಕ್ರಮ ಉಂಟು. ಅಳೆದ ಕೈಯೇ ಬೀಜ ಹಾಕಬೇಕು. ಒಬ್ಬಳು ಅಳೆದು ಇನ್ನೊಬ್ಬಳು ಬಿತ್ತಿದರೆ ಹುಟ್ಟುವುದಿಲ್ಲ ಎಂದು ನಮ್ಮ ಅತ್ತೆಯಂದಿರು ಹೇಳುತ್ತಿದ್ದರು, ನಾವೂ ಮಾಡಿಕೊಂಡು ಬಂದಿದ್ದೇವೆ. ಗದ್ದೆಯನ್ನು ಐದು ಪಾಲು ಮಾಡಿದೆವು. ಅವರವರ ಪಾಲಿನಲ್ಲಿ ಅವರವರೇ ಕೈ ಚಾಚಿ ಒಂದೂವರೆ ಮೊಳ ಅಳೆದು, ಹಗ್ಗ ಕಟ್ಟಿ, ಬೆಂಡೆ ಬೀಜ ಹಾಕಿದೆವು. ನನ್ನ ಸಾಲುಗಳು ಎಲ್ಲರದ್ದಕ್ಕಿಂತ ನೆಟ್ಟಗೆ ಬಂದವು. ಎಲ್ಲರಿಗೂ ಕರೆದು ತೋರಿಸಿದೆ.

ಬೆಂಡೆ ಹುಟ್ಟಿತು. ಅದರ ಜೊತೆಗೆ, ಕೇಳಬೇಕೇ, ಕಳೆಯೂ ಹುಟ್ಟಿತು. ಧಣಿ ದಿನಾ ಸಂಜೆ ಬಂದು "ಯಾವುದು ತರಕಾರಿ, ಯಾವುದು ಹುಲ್ಲು? ನನಗೆ ಕಣ್ಣು ಮಂಜಾಗಿದೆಯೋ ಎಂತದೋ" ಎನ್ನುತ್ತಿದ್ದಳು. ಆದಷ್ಟು ಬೇಗ ಟ್ರಾಕ್ಟರ್ ಇಳಿಸಬೇಕಿತ್ತು. ಗಿಡ ಎತ್ತರವಾದರೆ ಅಡಿಯಲ್ಲಿ ತಾಗುತ್ತದೆ, ತಡವಾದರೆ ಕಳೆಯೇ ಗೆಲ್ಲುತ್ತದೆ.

ಡ್ರೈವರಮ್ಮ ಮೊದಲು ತನ್ನ ಪಾಲಿಗೇ ಇಳಿಸಿದಳು. ಆಹಾ, ಹೇಗೆ ಹೋಯಿತೆಂದು ಹೇಳುತ್ತೇನೆ. ಎರಡು ಸಾಲುಗಳು ಟ್ರಾಕ್ಟರಿನ ಹೊಟ್ಟೆಯ ಕೆಳಗೆ, ಟಯರುಗಳು ಆಚೀಚೆಯ ಚಡಿಯ ನಟ್ಟನಡುವೆ. ಹಿಂದಿನ ಕುಂಟೆ ಕಳೆಯನ್ನು ಕೆರೆದು ಎಸೆಯುತ್ತಾ ಬಂತು. ಒಂದು ಎಲೆಯೂ ಅಲುಗಲಿಲ್ಲ. ನಾನು ಚಪ್ಪಾಳೆ ತಟ್ಟಿ "ಈಗ ನನ್ನದಕ್ಕೆ" ಎಂದೆ.

ನನ್ನ ಪಾಲಿಗೆ ಇಳಿದದ್ದೇ ತಡ, ಬಲಗಡೆಯ ಟಯರು ನನ್ನ ಚಂದದ ಸಾಲಿನ ಅಂಚಿಗೆ ಹತ್ತಿ, ಬೆಂಡೆ ಸಸಿಗಳನ್ನು ಒಂದೊಂದಾಗಿ ಮಲಗಿಸುತ್ತಾ ಹೋಯಿತು. ಎಡಗಡೆಯದ್ದೂ ಹಾಗೆಯೇ. ನಾನು ಬೊಬ್ಬೆ ಹಾಕಿ ನಿಲ್ಲಿಸುವಷ್ಟರಲ್ಲಿ ಎರಡು ಸಾಲುಗಳ ತಲೆ ಹೋಗಿತ್ತು.

"ಸ್ಟೇರಿಂಗ್ ಹಿಡಿ ಮಾರಾಯ್ತಿ, ಎಲ್ಲಿ ನೋಡಿಕೊಂಡು ಬಿಡ್ತೀ?"

"ನಾನು ನೆಟ್ಟಗೆ ಬಿಟ್ಟದ್ದು. ನಿಮ್ಮ ಸಾಲು ಎಂತ ಇಷ್ಟು ಒತ್ತಿಗೆ?"

"ಒತ್ತಿಗೆಯಾ? ಒಂದೂವರೆ ಮೊಳವೇ."

ಅವಳು ಟ್ರಾಕ್ಟರಿನಿಂದ ಇಳಿದಳು. ನನ್ನ ಪಕ್ಕದಲ್ಲಿ ಕೂತು, ಮೊಣಕೈಯನ್ನು ನನ್ನ ಮೊಣಕೈಗೆ ಒತ್ತಿ ಕೈ ಚಾಚಿದಳು. ನನ್ನ ಬೆರಳು ಮುಗಿದಲ್ಲಿಂದ ಅವಳ ಬೆರಳು ಇನ್ನೂ ನಾಲ್ಕು ಬೆರಳಗಲ ಮುಂದೆ ಹೋಯಿತು. ಒಂದು ಮೊಳಕ್ಕೆ ನಾಲ್ಕು ಬೆರಳಾದರೆ ಮೂರು ಮೊಳಕ್ಕೆ ಹನ್ನೆರಡು. ಚಕ್ರಗಳು ಅವಳ ಮೂರು ಮೊಳಕ್ಕೆ ನಿಂತಿವೆ, ಸಾಲುಗಳು ನನ್ನ ಮೊಳಕ್ಕೆ. ಬೇರೆ ಮೂವರೂ ಓಡಿ ಬಂದು ಕೈ ಚಾಚಿದರು. ಒಬ್ಬಳದ್ದು ಡ್ರೈವರಮ್ಮನಷ್ಟು, ಒಬ್ಬಳದ್ದು ಅದಕ್ಕೆ ಒಂದು ಬೆರಳು ಕಮ್ಮಿ, ಇನ್ನೊಬ್ಬಳದ್ದು ನನ್ನದರ ಹಾಗೆ ಗಿಡ್ಡ. ಗದ್ದೆಯ ನಡುವೆ ಐದು ಜನ ಹೆಂಗಸರು ಮಣ್ಣಿನಲ್ಲಿ ಸಾಲಾಗಿ ಕೈ ಇಟ್ಟುಕೊಂಡು ಕೂತದ್ದನ್ನು ಹುಣಿಯ ಮೇಲಿನಿಂದ ಧಣಿ ನೋಡಿದಳು.

"ಬಳೆಗಾರ ಬಂದಿದ್ದಾನಾ?" ಎಂದಳು. ಕೆಳಗಿಳಿದು ಜಜ್ಜಿದ ಸಸಿಗಳನ್ನು ಬೆರಳಿನಲ್ಲಿ ಎತ್ತಿ ನೋಡಿ, "ಬೆಂಡೆ ಚಟ್ನಿ ಆಯ್ತು. ಉಳಿದದ್ದನ್ನು ಹುಲ್ಲು ತಿನ್ತದೆ. ಅಡಿಕೆಗೆ ಗುಂಡಿ ತೋಡುವವರಿಗೆ ಹೇಳಿ ಇಡ್ಬೇಕು ನಾನು" ಎಂದು ಹೊರಟಳು. ತಮಾಷೆಯಾಗಿರಲಿಲ್ಲ ಅದು. ಹಿಂದಿರುಗಿ ನೋಡಲೂ ಇಲ್ಲ.

ಎರಡು ಪಾಲಿಗೆ ಟ್ರಾಕ್ಟರ್ ಇಳಿಯುವಂತಿಲ್ಲ ಎಂದರೆ ಅಲ್ಲಿ ಕಳೆ ನಿಲ್ಲುತ್ತದೆ. ಕಳೆ ನಿಂತರೆ ಅವಳಿಗೆ ಕಾಣುವುದು ಹುಲ್ಲು. ನನ್ನ ಕುರ್ಚಿ ಕಣ್ಣ ಮುಂದೆ ಬಂದು ನಿಂತಿತು. ಆಗಲೇ ನನಗೆ ಅಂಗಡಿಯ ಬಟ್ಟಲಿನ ಹಾಗಿದ್ದ ಡಿಸ್ಕು ನೆನಪಾಯಿತು.

"ಚಕ್ರ ಮಗುಚುವ" ಎಂದೆ.

"ಈಗಲಾ?"

"ಅಲ್ಲ, ಮುಂದಿನ ಜನ್ಮದಲ್ಲಿ. ಜಾಕಿ ತಾ."

ಉತ್ತಾದ ಮೇಲೆ ಬಿಡಲು ಮರೆತದ್ದರಿಂದ ಟಯರಿನ ಹೊಟ್ಟೆಯಲ್ಲಿ ಇನ್ನೂ ನೀರಿತ್ತು. ನೀರಿನ ಜೊತೆ ಆ ಚಕ್ರವನ್ನು ಎತ್ತುವುದೆಂದರೆ ಆನೆಗೆ ಸೀರೆ ಉಡಿಸಿದ ಹಾಗೆ. ಮೊದಲು ವಾಲ್ವು ಕೆಳಗೆ ತಿರುಗಿಸಿ ನೀರನ್ನು ಚಡಿಗೆ ಬಿಟ್ಟೆವು. ಅದೂ ಬೆಂಡೆಗೇ ಆಯಿತು, ನಷ್ಟವೇನಿಲ್ಲ. ನಟ್ಟುಗಳು ಬಿಗಿಯಾಗಿದ್ದವು. ಸ್ಪಾನರಿನ ಬಾಲಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ, ಅದರ ತುದಿಗೆ ನಾನು ಎರಡೂ ಕಾಲು ಮೇಲೆತ್ತಿ ಜೋತುಬಿದ್ದೆ. ನಟ್ಟು ಕಿರ್ರೆಂದು ತಿರುಗಿತು. ಡ್ರೈವರಮ್ಮ ನಗು ತಡೆಯಲಾರದೆ ಜಾಕಿಯ ಹತ್ತಿರವೇ ಕೂತುಬಿಟ್ಟಳು. ಬಲಗಡೆಯ ಚಕ್ರವನ್ನು ಎಡಕ್ಕೆ, ಎಡಗಡೆಯದ್ದನ್ನು ಬಲಕ್ಕೆ ಉರುಳಿಸಿಕೊಂಡು ಹೋಗಿ ಹಾಕಿದೆವು. ಹಾಗೆ ಮಾಡದಿದ್ದರೆ ಟಯರಿನ ಹಲ್ಲು ಹಿಂದುಮುಂದಾಗುತ್ತದೆ. ಮುಂದಿನ ಸಣ್ಣ ಚಕ್ರಗಳನ್ನೂ ಅಚ್ಚಿನ ಪಿನ್ನು ತೆಗೆದು ಒಳಗೆ ತಳ್ಳಿದೆವು. ಅಳತೆಗೆ ನನ್ನ ಕೈಯನ್ನೇ ಇಟ್ಟೆ. ಮೂರು ಮೊಳ, ಒಂದು ಬೆರಳು ಹೆಚ್ಚು. ಸಪೂರವೂ ಅಲ್ಲದ ಅಗಲವೂ ಅಲ್ಲದ ಟಯರು, ಆ ಒಂದು ಬೆರಳನ್ನು ಕ್ಷಮಿಸಿತು. ಅಗಲದ ಟಯರಾಗಿದ್ದರೆ ನನ್ನ ಚಡಿಗೆ ಹಿಡಿಸುತ್ತಲೇ ಇರಲಿಲ್ಲ. ಡ್ರೈವರಮ್ಮ ಅದನ್ನು ಒಪ್ಪಿಕೊಂಡಳು. ನನ್ನ 9.5 ಆಗಿದ್ದರೆ ಉಳುವ ದಿನವೇ ಕತೆ ಮುಗಿಯುತ್ತಿತ್ತು. ಅದನ್ನು ನಾನು ಒಪ್ಪಿಕೊಳ್ಳಲಿಲ್ಲ, ನಟ್ಟು ಬಿಗಿ ಮಾಡಲು ಹೋದೆ.

ಅಂದಿನಿಂದ ನಮ್ಮ ಗುಂಪಿನಲ್ಲಿ ಎರಡು ಪಕ್ಷ, ಉದ್ದ ಕೈ ಮತ್ತು ಗಿಡ್ಡ ಕೈ. ಕಳೆ ತೆಗೆಯುವಾಗಲೆಲ್ಲ ಮೊದಲು ಉದ್ದ ಕೈಯವರ ಪಾಲು, ಮತ್ತೆ ಚಕ್ರ ಮಗುಚಿ ಗಿಡ್ಡ ಕೈಯವರದ್ದು. ಮಗುಚಿ ಮಗುಚಿ ನಮಗೆ ಎಷ್ಟು ಅಭ್ಯಾಸವಾಯಿತೆಂದರೆ ಚಹಾ ಆರುವ ಮೊದಲು ಕೆಲಸ ಮುಗಿಯುತ್ತಿತ್ತು. ಮುಂದಿನ ಸಲ ಒಂದೇ ಮೊಳದಲ್ಲಿ ಎಲ್ಲರೂ ಅಳೆಯುವುದೆಂದು ಮಾತಾಯಿತು. ಯಾರ ಮೊಳ ಎಂಬಲ್ಲಿ ಮತ್ತೆ ಜಗಳ. ಅಳೆದ ಕೈಯೇ ಬಿತ್ತಬೇಕು ಎಂಬ ಕ್ರಮ ಬೇರೆ. ಕೊನೆಗೆ ಅಡಿಕೆ ಮರ ಸೀಳಿದ ಸಲಾಕೆಯದ್ದೊಂದು ತುಂಡು ಕಡಿದು ಅದಕ್ಕೆ ಮೊಳವೆಂದು ಹೆಸರಿಟ್ಟೆವು. ಬಿತ್ತುವಾಗ ಅದನ್ನು ಎಲ್ಲರೂ ಕೈಯಲ್ಲೇ ಹಿಡಿಯುತ್ತೇವಲ್ಲ, ಅತ್ತೆಯಂದಿರಿಗೆ ಅಷ್ಟು ಸಾಕು.

ವಿಷು ಹತ್ತಿರ ಬಂದಾಗ ಗದ್ದೆಯಲ್ಲಿ ಹುಲ್ಲು ಹುಡುಕಬೇಕಾಗಿತ್ತು. ಬೆಂಡೆ ನನ್ನ ತಲೆಯನ್ನು ದಾಟಿತ್ತು. ಅದೇನು ದೊಡ್ಡ ಸಂಗತಿಯಲ್ಲ ಎಂದಳು ಡ್ರೈವರಮ್ಮ. ಧಣಿ ಬಂದು ಈ ಹುಣಿಯಿಂದ ಆ ಹುಣಿಯವರೆಗೆ ನಡೆದಳು. ನಾನು ಅವಳ ಹಿಂದೆ ನಡೆದೆ. ಜಜ್ಜಿಹೋಗಿದ್ದ ಎರಡು ಸಾಲಿನ ಹತ್ತಿರ ನಿಂತಳು. ಅಲ್ಲಿ ನಾವು ಮತ್ತೆ ಬಿತ್ತಿದ್ದೆವು, ಗಿಡ ಸ್ವಲ್ಪ ಸಣ್ಣದಿತ್ತು, ಹೂ ಬಿಟ್ಟಿತ್ತು. ಪಕ್ಕದ ಸಾಲಿನಿಂದ ಒಂದು ಬೆಂಡೆಕಾಯಿ ಕೊಯ್ದು ತುದಿ ಮುರಿದಳು. ಟಿಕ್ಕೆಂದಿತು. ಬಾಯಿಗೆ ಹಾಕಿ ಹಸಿಯಾಗಿಯೇ ಜಗಿದಳು.

"ಅಡಿಕೆ ಸಸಿಯನ್ನು ಅಣ್ಣನ ಮಗ ಕೊಂಡುಹೋಗ್ತಾನಂತೆ" ಎಂದಳು, ನನ್ನ ಕಡೆ ನೋಡದೆ. "ಬರುವ ವರ್ಷವೂ ನೀವೇ ಮಾಡಿ."

ನನಗೆ ಅವಳನ್ನು ಅಪ್ಪಿಕೊಂಡು ಎತ್ತಿಬಿಡಬೇಕೆನಿಸಿತು. ಎತ್ತುವಷ್ಟು ಎತ್ತರ ನನಗಿಲ್ಲ. ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವೂ ಇಲ್ಲ.

"ಎಂತ ಧಣಿ, ನಮ್ಮ ಟಯರಿನ ಆಯ್ಕೆ ನೋಡಿ ಮನಸ್ಸು ಕರಗಿತಾ?"

"ಟಯರೂ ಇಲ್ಲ, ಎಂತ ಮಣ್ಣೂ ಇಲ್ಲ. ಗದ್ದೆ ಇಲ್ಲದಿದ್ರೆ ನೀನು ಬೆಳಗಾದ್ರೆ ನಮ್ಮ ಜಗಲಿಗೆ ಬರ್ತೀ. ನಿನ್ನ ಬಾಯಿ ಕೇಳುದಕ್ಕಿಂತ ನನಗೆ ಟ್ರಾಕ್ಟರಿನ ಶಬ್ದವೇ ಅಡ್ಡಿಯಿಲ್ಲ."